ಪೇರಲದ ಪಥ್ಯ

ನಮ್ಮ ಅಪ್ಪ ಒಂದು ಪೇರಲ ಹಣ್ಣನ್ನು ಇಡಿಯಾಗಿ ಕಚ್ಚಿ ತಿಂದದ್ದನ್ನು ನಾನು ನೋಡಿದ ನೆನಪೇ ಇಲ್ಲ. ಅವ್ವ ಹಣ್ಣನ್ನು ಎರಡು ಹೋಳು ಮಾಡುತ್ತಿದ್ದಳು. ಚಮಚ ಹಾಕಿ ನಡುವಿನ ಬೀಜದ ಉಂಡೆಯನ್ನು ಕೆರೆದು ತೆಗೆಯುತ್ತಿದ್ದಳು. ಸುತ್ತ ಉಳಿದ ಗಟ್ಟಿ ಭಾಗಕ್ಕೆ ಉಪ್ಪು, ಖಾರದ ಪುಡಿ ಸವರಿ ಅಪ್ಪನ ಮುಂದೆ ಇಡುತ್ತಿದ್ದಳು. ನಮ್ಮ ಕಡೆ ಸಣ್ಣ ಬಟ್ಟಲಿಗೆ ವಾಟಿ ಅನ್ನುತ್ತಾರೆ. ಒಳಗೆ ಖಾಲಿಯಾದ ಆ ಹೋಳಿಗೂ ನಮ್ಮ ಮನೆಯಲ್ಲಿ ವಾಟಿ ಎಂದೇ ಹೆಸರು ಬಿದ್ದಿತ್ತು. ಅಪ್ಪನಿಗೆ ವಾಟಿ, ಅವ್ವನಿಗೆ ಬೀಜ. ಕೆರೆದು ತೆಗೆದ ಬೀಜವನ್ನೆಲ್ಲ ಅವಳು ಒಂದು ತಾಟಿನಲ್ಲಿ ಕೂಡಿಸಿಕೊಂಡು ಹಿತ್ತಲ ಬಾಗಿಲಲ್ಲಿ ಕುಳಿತು ತಿನ್ನುತ್ತಿದ್ದಳು. ಮಕ್ಕಳಾದ ನಮಗೆ ಇಡೀ ಹಣ್ಣು ಸಿಗುತ್ತಿದ್ದುದರಿಂದ ಈ ಹಂಚಿಕೆಯ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ನಮ್ಮೂರು ಉಗಾರ ಬುದ್ರುಕ. ಕೃಷ್ಣೆಯ ದಂಡೆ, ಸುತ್ತ ಎಲ್ಲಿ ನೋಡಿದರೂ ಕಬ್ಬು. ಮನೆಯ ಹಿಂದೆ ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ ಒಂದು ಪೇರಲ ಗಿಡ ಇತ್ತು. ಯಾರೂ ಅದಕ್ಕೆ ಗೊಬ್ಬರ ಹಾಕಲಿಲ್ಲ, ಔಷಧ ಹೊಡೆಯಲಿಲ್ಲ. ಆದರೂ ಚಳಿಗಾಲ ಬಂತೆಂದರೆ ಟೊಂಗೆ ಬಾಗುವಷ್ಟು ಕಾಯಿ ಬಿಡುತ್ತಿತ್ತು, ಒಳಗೆಲ್ಲ ನಸುಗೆಂಪು ತಿರುಳು, ಮನೆ ತುಂಬ ಅದರದೇ ವಾಸನೆ.

ಬೀಜ ಕೆರೆಯುವ ಈ ಪದ್ಧತಿ ಶುರುವಾದದ್ದು ಅಪ್ಪನಿಗೆ ಹರಳಾದ ವರ್ಷ. ನಾನಿನ್ನೂ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಕಬ್ಬು ಕಡಿಯುವ ಕಾಲದಲ್ಲಿ ಒಂದು ಬೆಳಿಗ್ಗೆ ಅಪ್ಪ ಸೊಂಟ ಹಿಡಿದುಕೊಂಡು ಅಂಗಳದಲ್ಲಿ ಉರುಳಾಡತೊಡಗಿದ. ನಮ್ಮಪ್ಪನ ದನಿ ಕೇಳಿದರೆ ಎತ್ತುಗಳು ಕೂಡ ನಿಂತುಬಿಡುತ್ತಿದ್ದವು. ಅಂಥವನು ‘ಯವ್ವಾ, ಯವ್ವಾ’ ಎಂದು ಅಳುವುದನ್ನು ನೋಡಿ ನಾನು ಹೆದರಿ ಕಣಜದ ಹಿಂದೆ ಹೋಗಿ ನಿಂತೆ. ಮೂತ್ರದ ಹರಳು, ಮರಾಠಿಯವರು ಮುತಖಡಾ ಅನ್ನುತ್ತಾರಲ್ಲ, ಅದು. ಯಾರದೋ ಜೀಪು ತಂದರು. ಮಿರಜದ ಆಚೆ ಒಂದು ಹಳ್ಳಿಯಲ್ಲಿ ಹರಳಿಗೆ ಬೇರಿನ ಔಷಧ ಕೊಡುವ ಮುದುಕನೊಬ್ಬ ಇದ್ದ. ಅಪ್ಪನನ್ನು ಅಲ್ಲಿಗೆ ಒಯ್ದರು. ಅವ್ವನ ತವರು ಅದೇ ಸೀಮೆಯದು, ಅವಳಿಗೆ ಮರಾಠಿ ನೀರು ಕುಡಿದಷ್ಟು ಸುಲಭ. ಹೀಗಾಗಿ ಅಪ್ಪ ಜೀಪಿನಲ್ಲೇ ಮಲಗಿದ್ದ, ಒಳಗೆ ಹೋಗಿ ಔಷಧ ತಂದವಳು ಅವ್ವ, ಪಥ್ಯ ಕೇಳಿಕೊಂಡು ಬಂದವಳೂ ಅವಳೇ.

“ಬೀಜ ಇದ್ದದ್ದು ಏನೂ ತಿನ್ನೂಹಂಗಿಲ್ಲಂತ. ಪೇರಲ ಇಲ್ಲ, ಬದನಿಕಾಯಿ ಇಲ್ಲ, ಟೊಮ್ಯಾಟೊ ಇಲ್ಲ. ಅವ್ರು ಬಿಡಸೂತನಕಾ ಹಿಡೀಬೇಕಂತ,” ಎಂದು ಮನೆಗೆ ಬಂದು ಎಲ್ಲರ ಮುಂದೆ ಹೇಳಿದಳು.

ಈ ‘ಬಿಡಿಸುವುದು’ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಬೇರು ಸೊಪ್ಪಿನ ಔಷಧ ಕೊಟ್ಟವರು ಪಥ್ಯ ಹೇಳಿದರೆ, ಅದನ್ನು ಅವರೇ ಬಿಡಿಸಬೇಕು. ರೋಗಿ ವಾಸಿಯಾದ ಮೇಲೆ ಒಂದು ತೆಂಗಿನಕಾಯಿ ಹಿಡಿದುಕೊಂಡು ಹೋಗಿ ಅವರ ಮುಂದೆ ಕೂತು, ಅವರ ಕೈಯಿಂದಲೇ ಆ ಪದಾರ್ಥ ತಿಂದರೆ ಪಥ್ಯ ಬಿಟ್ಟಂತೆ. ತಾವಾಗಿ ಮುರಿದರೆ ರೋಗ ಮತ್ತೆ ಬಂದು ಅಡರುತ್ತದೆ ಎಂಬ ಹೆದರಿಕೆ. ಅಪ್ಪನ ಹರಳು ಬಿದ್ದುಹೋಯಿತು, ನೋವು ಮತ್ತೆ ಬರಲಿಲ್ಲ. ಆದರೆ ತೆಂಗಿನಕಾಯಿ ಹಿಡಿದುಕೊಂಡು ಹೋಗುವ ಮೊದಲೇ ಆ ಮುದುಕ ತೀರಿಹೋದ ಸುದ್ದಿ ಬಂತು. ಇನ್ನು ಬಿಡಿಸುವವರು ಯಾರು? ಬದನೆಕಾಯಿ, ಟೊಮ್ಯಾಟೊಗಳನ್ನು ‘ಕುದಿಸಿದ್ದು ನಡೀತೈತಿ’ ಎಂದು ಅವ್ವ ಕೆಲವು ತಿಂಗಳಲ್ಲೇ ಪಲ್ಯಕ್ಕೆ ಹಾಕತೊಡಗಿದಳು. ಪೇರಲವನ್ನು ಯಾರು ಕುದಿಸುತ್ತಾರೆ? ಅದೊಂದು ಹಾಗೇ ಉಳಿಯಿತು.

ಎಲ್ಲರ ಮೇಲೆ ಹುಕುಂ ನಡೆಸುತ್ತಿದ್ದ ಅಪ್ಪ ಈ ಒಂದು ವಿಷಯದಲ್ಲಿ ಮಾತ್ರ ಅವ್ವ ಹೇಳಿದಂತೆ ಕೇಳಿದ. ಅದನ್ನು ನೋಡಿ ನಮಗೆಲ್ಲ ಮೋಜು. ಸಂತೆಯಲ್ಲಿ ಯಾರಾದರೂ ಪೇರಲ ಕೊಟ್ಟರೆ ಜೇಬಿಗೆ ಹಾಕಿಕೊಂಡು ಮನೆಗೆ ತಂದು, “ಏ, ಇದನ್ನ ವಾಟಿ ಮಾಡ,” ಎಂದು ಅವಳ ಕೈಗೆ ಕೊಡುತ್ತಿದ್ದ.

ನಾನು ಮದುವೆಯಾಗಿ ಚಿಕ್ಕೋಡಿಗೆ ಬಂದೆ. ಇಲ್ಲಿ ನಾನು, ನನ್ನ ಗಂಡ ಸೇರಿ ಒಂದು ಖಾನಾವಳಿ ನಡೆಸುತ್ತೇವೆ. ರೊಟ್ಟಿ, ಝುಣಕಾ, ಎಣಗಾಯಿ, ಶೇಂಗಾ ಹಿಂಡಿ. ನನ್ನ ಬಾಯಿ ಸ್ವಲ್ಪ ಜೋರು. ಗಿರಾಕಿ ಬಿಸಿ ರೊಟ್ಟಿ ಬಿಟ್ಟು ಮೊಬೈಲು ನೋಡುತ್ತ ಕೂತರೆ ಬೈದೇ ಬಿಡುತ್ತೇನೆ. ಏನನ್ನೂ ಚೆಲ್ಲಬಾರದೆಂಬ ಅವ್ವನ ಚಾಳಿ ನನಗೂ ಹತ್ತಿದೆ. ಹೀರೇಕಾಯಿಯ ಸಿಪ್ಪೆ ಚಟ್ನಿಗೆ, ಕಲ್ಲಂಗಡಿಯ ಬೀಜ ಹುರಿಯಲಿಕ್ಕೆ, ಕಿತ್ತಳೆಯ ಸಿಪ್ಪೆ ಒಣಗಿಸಿ ಸ್ನಾನದ ಹಿಟ್ಟಿಗೆ, ದಾಳಿಂಬೆಯ ಸಿಪ್ಪೆ ಹೊಟ್ಟೆ ಕೆಟ್ಟಾಗ ಕುದಿಸಿ ಕುಡಿಯಲಿಕ್ಕೆ. ಇವನ್ನೆಲ್ಲ ಅವ್ವ ಯಾವ ಪುಸ್ತಕ ಓದಿ ಕಲಿತವಳಲ್ಲ. ದೊಡ್ಡ ಸಂಸಾರದಲ್ಲಿ ಕೊನೆಗೆ ಉಣ್ಣುವ ಸೊಸೆಯಾಗಿ, ಉಳಿದದ್ದರಲ್ಲೇ ರುಚಿ ಹುಡುಕುತ್ತ ಕಲಿತವಳು.

ಅಪ್ಪ ಹೋಗಿ ಈಗ ಕೆಲವು ವರ್ಷಗಳಾದವು. ಹರಳಿನಿಂದಲ್ಲ, ಎದೆನೋವಿನಿಂದ. ಒಮ್ಮೆ ನೋವು ಬಂದು ಮಿರಜದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಎರಡನೆಯ ಸಲ ಆಸ್ಪತ್ರೆಗೆ ಒಯ್ಯಲು ಸಮಯ ಕೊಡಲಿಲ್ಲ. ಅವ್ವ ಅತ್ತಳು, ಸೊರಗಿದಳು, ಆಮೇಲೆ ನಿಧಾನಕ್ಕೆ ಎದ್ದಳು. ಊರಲ್ಲಿ ಅಣ್ಣ, ವೈನಿ ಇದ್ದಾರೆ, ಅವಳಿಗೆ ಯಾವ ಕೊರತೆಯನ್ನೂ ಮಾಡಿಲ್ಲ. ವೈನಿ ನನ್ನ ಅಣ್ಣನ ಹೆಂಡತಿಯಾದರೂ ನನಗೆ ಅಕ್ಕನಿದ್ದ ಹಾಗೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ಯಾರನ್ನೂ ದೂರುವ ಹಾಗಿಲ್ಲ.

ಹೋದ ಚಳಿಗಾಲದಲ್ಲಿ ನಾನು ಊರಿಗೆ ಹೋಗಿದ್ದೆ. ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದೆವು. ಅವ್ವ ಬೀಜ ಸಮೇತ ಪೇರಲ ಹೋಳು ಮಾಡಿ ಎಲ್ಲರಿಗೂ ಹಂಚುತ್ತಿದ್ದಳು. ವೈನಿ ಮೊಬೈಲಿನಲ್ಲಿ ಒಂದು ವಿಡಿಯೋ ಹಚ್ಚಿದಳು. ಬಿಳಿ ಕೋಟು ಹಾಕಿದ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಚೆನ್ನಾಗಿ ಮಾತಾಡುತ್ತಿದ್ದಳು. ಹಣ್ಣಿನ ಸಿಪ್ಪೆ, ಬೀಜ ಎಸೆಯಬೇಡಿ, ಸತ್ವ ಇರುವುದೇ ಅದರಲ್ಲಿ ಎಂದಳು. ದ್ರಾಕ್ಷಿಯ ಬೀಜ, ಕಿತ್ತಳೆಯ ಸಿಪ್ಪೆ, ಪೇರಲದ ಬೀಜ, ಇವು ಹೃದಯವನ್ನು ಕಾಪಾಡುತ್ತವೆ, ರಕ್ತನಾಳ ಕಟ್ಟದಂತೆ ನೋಡಿಕೊಳ್ಳುತ್ತವೆ, ನಾವು ತಿರುಳು ತಿಂದು ಔಷಧವನ್ನು ತಿಪ್ಪೆಗೆ ಹಾಕುತ್ತಿದ್ದೇವೆ ಎಂದಳು.

ಅಣ್ಣ ತೊಡೆ ತಟ್ಟಿ ನಕ್ಕ. “ಅದಕ್ಕ ನೋಡ್ರಿ ನಮ್ಮವ್ವ ಈ ವಯಸ್ಸಿನಾಗೂ ಇಷ್ಟ ಗಟ್ಟಿ ಅದಾಳ! ಅಪ್ಪಗ ಖಾಲಿ ವಾಟಿ ತಿನಿಸಿ, ಸತ್ವ ಎಲ್ಲಾ ತಾನ ಹೊಡದಾಳ!”

ಎಲ್ಲರೂ ನಕ್ಕೆವು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವನೂ ತುಟಿ ಅಗಲಿಸಿದಳು, ಆದರೆ ಮುಖ ಹುಳ್ಳಗಾಗಿತ್ತು. ಕೈಯಲ್ಲಿದ್ದ ಹೋಳನ್ನು ತಾಟಿನಲ್ಲಿಟ್ಟು, “ಎಮ್ಮಿಗೆ ನೀರ ಕುಡಿಸಿಲ್ಲ,” ಎಂದು ಎದ್ದು ಹೋದಳು. ಎಮ್ಮೆಗೆ ಆಗಲೇ ನೀರು ಕುಡಿಸಿಯಾಗಿತ್ತು. ಅದನ್ನು ವೈನಿ ನನಗೆ ಆಮೇಲೆ ಹೇಳಿದಳು.

ಅಲ್ಲಿಂದ ಅವ್ವ ಹಣ್ಣು ಮುಟ್ಟಲಿಲ್ಲ. ಮೊದಮೊದಲು ಹಲ್ಲು ನೋವು ಅಂದಳು. ಆಮೇಲೆ ಮೊಸರು ಬಿಟ್ಟಳು, ಶೇಂಗಾ ಹಿಂಡಿ ಬಿಟ್ಟಳು, ರೊಟ್ಟಿ ಅರ್ಧಕ್ಕೆ ಬಂತು. ಕೊರಳ ಎಲುಬು ಎದ್ದು ಕಾಣತೊಡಗಿತು. ವೈನಿ ಫೋನಿನಲ್ಲಿ ಅಳುತ್ತ, “ನೀವ ಬಂದ ಒಂದಿಷ್ಟ ಬೈದ ಹೇಳ್ರಿ. ನಾವ್ ಹೇಳಿದ್ರ ಕೇಳವಲ್ರು. ಹಿಂಗ ಆದ್ರ ಈ ಬ್ಯಾಸಗಿ ದಾಟೂದಿಲ್ಲ ಅನಸಾಕತ್ತೈತಿ,” ಎಂದಳು.

ಖಾನಾವಳಿ ಗಂಡನಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಹೋದವಳೇ ಚೀಲ ಕೂಡ ಇಳಿಸದೆ ಕೂಗಾಡಿದೆ.

“ಏನ ಬೇ ಯವ್ವಾ, ಯಾರ ಮ್ಯಾಲೆ ಸಿಟ್ಟ ಮಾಡ್ಕೊಂಡ ಉಪಾಸ ಕುಂತಿ? ಸೊಸಿ ಕಣ್ಣೀರ ಹಾಕಾಕತ್ತಾಳ, ಊರ ಮಂದಿ ಏನ ಅಂದಾರು?”

“ಸಿಟ್ಟ ಯಾಕ ಮಾಡ್ಲಿ? ಬಾಯಿಗೆ ಸೇರವಲ್ದು.”

“ಸೇರವಲ್ದ ಅಂದ್ರ ನಡಿ, ಡಾಕ್ಟರಿಗೆ ತೋರಸೂಣು.”

ಅವಳು ವಾದಿಸಲಿಲ್ಲ. ಅದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಅವ್ವ ವಾದಿಸದೆ ಒಪ್ಪಿಕೊಂಡ ಕೆಲಸ ನನಗೆ ತಿಳಿದ ಮಟ್ಟಿಗೆ ಬೇರೆ ಯಾವುದೂ ಇಲ್ಲ.

ಚಿಕ್ಕೋಡಿಗೆ ಕರೆತಂದು, ನಮ್ಮಲ್ಲಿ ಊಟಕ್ಕೆ ಬರುವ ಒಬ್ಬ ವಯಸ್ಸಾದ ಡಾಕ್ಟರಿಗೆ ತೋರಿಸಿದೆ. ರಕ್ತ ನೋಡಿದರು, ಎದೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು. “ಆಯಿ, ನಿಮಗ ಏನೂ ಆಗಿಲ್ಲ. ಚಂದಂಗ ಉಣ್ಣಬೇಕಷ್ಟ,” ಅಂದರು. ನಾನು ಎದ್ದು ನಿಂತೆ. ಅವ್ವ ಏಳಲಿಲ್ಲ.

“ಸಾಹೇಬ್ರ, ಒಂದ ಮಾತ ಕೇಳ್ಲೇನ್ರಿ?” ಅಂದಳು. “ಬೀಜದಾಗ ಎದಿಗೆ ಛಲೋ ಮಾಡೂದು ಇರತೈತೆನ್ರಿ?”

ಡಾಕ್ಟರು ಪೆನ್ನು ಕೆಳಗಿಟ್ಟರು. ಇಂಥ ಪ್ರಶ್ನೆ ಅವರಿಗೆ ದಿನವೂ ಬರುತ್ತಿರಬೇಕು. “ಇರತೈತಿ ಆಯಿ, ಸುಳ್ಳಲ್ಲ. ಸಿಪ್ಪಿ, ಬೀಜದಾಗ ನಾರ ಐತಿ, ಬ್ಯಾರೆ ಬ್ಯಾರೆ ಅಂಶನೂ ಅದಾವ. ಆದ್ರ ಸಂಶೋಧನಾ ಮಾಡಾವ್ರು ಹೆಚ್ಚಾಗಿ ಅದರ ರಸಾ ತಗದು ಪ್ರಯೋಗಶಾಲಾದಾಗ ನೋಡಿದ್ದು. ಅಲ್ಲಿ ಆದದ್ದು ನಮ್ಮ ಹೊಟ್ಟ್ಯಾಗ ಹಂಗ ಆಗತೈತಿ ಅಂತ ಹೇಳಾಕ ಬರೂದಿಲ್ಲ. ಮತ್ತ ಎಲ್ಲಾ ಬೀಜಾ ಛಲೋ ಅಲ್ಲ. ಸೇಬಿನ ಬೀಜಾ ಕಡದ ತಿನ್ನಬಾರ್ದು. ನಮ್ಮ ಕಡೆ ದ್ರಾಕ್ಷಿ ಸಿಪ್ಪಿ ಮ್ಯಾಲೆ ಎಷ್ಟ ಔಷಧ ಹೊಡಿತಾರ ನಿಮಗ ಗೊತ್ತ ಐತಲ್ಲ? ತೊಳೀದ ತಿಂದ್ರ ಲಾಭಕ್ಕಿಂತ ಲುಕ್ಸಾನ ಹೆಚ್ಚ.”

“ಪೇರಲದ್ದರಿ?”

“ಪೇರಲ ಬೀಜಾ ಸಮೇತ ತಿನ್ರಿ, ಯಾರ ಬ್ಯಾಡ ಅಂತಾರ?”

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು. “ನಮ್ಮ ಮನೆಯವ್ರು ಎದಿ ಬ್ಯಾನಿಲೆ ಹೋದ್ರರಿ. ಅವ್ರಿಗೆ ಬೀಜಾ ಕೊಟ್ಟಿದ್ರ ಉಳೀತಿದ್ರೇನ್ರಿ?”

ಆಗ ನನಗೆ ಎಲ್ಲ ಗೊತ್ತಾಯಿತು. ಆ ವಿಡಿಯೋ, ಅಣ್ಣನ ಮಾತು, ನಮ್ಮ ನಗು. ಅಷ್ಟು ದಿನ ಇವಳು ಇದನ್ನು ಒಳಗೇ ಇಟ್ಟುಕೊಂಡು ಬೇಯುತ್ತಿದ್ದಳಲ್ಲ!

ಡಾಕ್ಟರು ಅವಸರ ಮಾಡಲಿಲ್ಲ. “ಇಲ್ಲ ಆಯಿ. ಪೇರಲ ಬೀಜದಿಂದ ಯಾರದೂ ಹೋಗೂ ಜೀವ ನಿಲ್ಲೂದಿಲ್ಲ. ಆ ಚಿಂತಿ ತಗದ ಒಗೀರಿ,” ಅಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಮಾಧಾನ ಮಾಡುವ ಭರದಲ್ಲಿ ಮತ್ತೊಂದು ಮಾತು ಕೇಳಿದರು. “ಅವರಿಗೆ ಬೀಜಾ ಯಾಕ ಕೊಡತಿರಲಿಲ್ಲ?”

“ಹರಳಾಗಿತ್ರಿ,” ಅಂದೆ ನಾನು.

“ಅಯ್ಯ, ಹಣ್ಣಿನ ಬೀಜಕ್ಕೂ ಹರಳಿಗೂ ಏನ ಸಂಬಂಧ? ನೀರ ಹೆಚ್ಚ ಕುಡಿಬೇಕಷ್ಟ. ಬಹಳ ಮಂದಿ ಹಂಗ ತಿಳ್ಕೊಂಡಾರ. ಪಾಪ, ಅವರೂ ತಿನ್ನಬಹುದಿತ್ತು.”

ಡಾಕ್ಟರು ಎರಡು ಮಾತು ಹೇಳಿದ್ದರು. ಅವ್ವ ಎರಡನೆಯದನ್ನು ಮಾತ್ರ ಗಂಟು ಕಟ್ಟಿಕೊಂಡು ಎದ್ದಳೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಖಾನಾವಳಿಗೆ ಬಂದಾಗ ಊಟದ ಗದ್ದಲ ಮುಗಿದಿತ್ತು. ಗಂಡ ಮೇಲೆ ಹೋಗಿ ಮಲಗಿದ್ದ. ಬೆಂಚಿನ ಮೇಲೆ ಅವ್ವನನ್ನು ಕೂರಿಸಿ, ದಾರಿಯಲ್ಲಿ ತಂದ ಪೇರಲವನ್ನು ಅವಳ ಮುಂದೆ ಇಟ್ಟೆ. “ತಿನ್ನ ಬೇ. ಡಾಕ್ಟರ ಹೇಳಿದ್ರಲ್ಲ, ನಿಂದೇನೂ ತಪ್ಪಿಲ್ಲ. ಆ ಮುದಕ ಹೇಳಿದ, ನೀ ಮಾಡಿದಿ.”

ಅವ್ವ ಹಣ್ಣನ್ನು ದೂರ ಸರಿಸಿದಳು. “ಅಂವಾ ಹಂಗ ಹೇಳಿರಲಿಲ್ಲ,” ಅಂದಳು.

“ಮತ್ತ?”

“‘ಮಹಿನಾಭರ ಬಿಯಾ ಖಾಊ ದೇಊ ನಕಾ’ ಅಂದಿದ್ದ. ಒಂದ ತಿಂಗಳ ಬೀಜಾ ತಿನಸಬ್ಯಾಡ. ಇಷ್ಟ ಅಂವಾ ಅಂದದ್ದು. ಬಿಡಸೂತನಕಾ ಅನ್ನೂದು ನಾ ಸೇರಿಸಿದ್ದು.”

ನಾನು ಬೆಂಚಿನ ಇನ್ನೊಂದು ತುದಿಗೆ ಕೂತೆ.

“ಅವತ್ತ ಜೀಪಿನ್ಯಾಗ ನಿಮ್ಮಪ್ಪ ಒದ್ದಾಡೂದ ನೋಡಿ ನನ್ನ ಜೀವ ಹಾರಿ ಹೋಗಿತ್ತು. ಒಂದ ತಿಂಗಳ ಅಂದ್ರ ನಿಮ್ಮಪ್ಪ ಎಂಟ ದಿನಾನೂ ಪಥ್ಯಾ ಹಿಡಿಯಾಂವ ಅಲ್ಲ. ಅದಕ್ಕ ಹಂಗ ಅಂದೆ. ತಿಂಗಳಾದ ಮ್ಯಾಲೆ ಖರೇ ಹೇಳಿದ್ರಾತು ಅಂದ್ಕೊಂಡಿದ್ದೆ.”

“ಮತ್ತ ಯಾಕ ಹೇಳಲಿಲ್ಲ?”

ಅವ್ವ ದೂರ ಸರಿಸಿದ್ದ ಹಣ್ಣನ್ನು ಒಮ್ಮೆ ನೋಡಿದಳು. ಆಮೇಲೆ, “ಅಷ್ಟರಾಗ ನನಗ ರುಚಿ ಹತ್ತಿತ್ತು,” ಅಂದಳು.

ಪೇರಲದಲ್ಲಿ ಎಲ್ಲಕ್ಕಿಂತ ಸಿಹಿ ಇರುವುದು ಆ ನಡುವಿನ ಉಂಡೆಯಲ್ಲೇ. ತಿಂದವರಿಗೆಲ್ಲ ಗೊತ್ತು. ನಾವು ಮಾತ್ರ ಅದನ್ನು ಎಂದೂ ಹಾಗೆ ನೋಡಲಿಲ್ಲ. ಅವ್ವ ತಿನ್ನುವುದೆಂದರೆ ಅದು ಕಸವೇ ಇರಬೇಕೆಂದು ನಾವೆಲ್ಲ ತಿಳಿದಿದ್ದೆವು.

“ಆ ಮನ್ಯಾಗ ನನಗಂತ ಏನಿತ್ತು ಹೇಳ,” ಅಂದಳು. “ಗಂಡಸೂರದು ಆಗಬೇಕು, ನಿಮ್ಮದು ಆಗಬೇಕು, ನಿಮ್ಮಜ್ಜಿದು ಆಗಬೇಕು. ನಾ ಉಣ್ಣಾಕ ಕುಂಡ್ರೂದ್ರಾಗ ಗಡಿಗ್ಯಾಗ ತಳದ ಕೆರಕಲಾ ಅಷ್ಟ. ಹಬ್ಬದಾಗ ಹೋಳಿಗಿ ಮಾಡಿದ್ರೂ ಹರದದ್ದು ನನಗ. ಆ ಬೀಜದ ತಾಟ ಒಂದ ಹಿಡಕೊಂಡ ಕುಂತ್ರ ಯಾರೂ ನನಗ ಕೊಡ ಅಂತಿರಲಿಲ್ಲ. ನಿಮ್ಮಜ್ಜಿನೂ ಅಂತಿರಲಿಲ್ಲ. ಪಥ್ಯದ್ದು ಅಂತ ಬಿಟ್ಟ ಬಿಡತಿದ್ರು. ಹಿತ್ತಲ ಬಾಗಲದಾಗ ಕುಂತ ತಿನ್ನೂವಾಗ ನನಗ ಯಾರ ಹೆದರಿಕೀನೂ ಇರತಿರಲಿಲ್ಲ. ಇವತ್ತ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಹೋತು. ಆ ಮುದಕ ಸತ್ತ ಅಂತ ಕೇಳಿದಾಗ ನಂಗ ಒಳಗೊಳಗ ಖುಷಿ ಆತು. ಎಂಥಾ ಹೆಣಮಗಳ ನಾ!”

ನನಗೆ ಸಿಟ್ಟು ಬಂತು. ಅವ್ವನ ಮೇಲಲ್ಲ. ಅಷ್ಟು ಕಬ್ಬು, ಅಷ್ಟು ಎಮ್ಮೆ, ಅಷ್ಟು ಮಂದಿ ಇದ್ದ ಮನೆಯಲ್ಲಿ ಒಬ್ಬ ಹೆಂಗಸು ಒಂದು ಸಿಹಿ ತುತ್ತಿಗಾಗಿ ಇಂಥ ಸುಳ್ಳನ್ನು ಕಾಯಬೇಕಾಯಿತಲ್ಲ ಎಂದು. ಆ ಮನೆಯ ಮಗಳಾಗಿ ನಾನೂ ಇಡೀ ಹಣ್ಣು ತಿಂದು ಬೆಳೆದವಳೇ ಎಂದು.

“ಹೋಗ ಬೇ!” ಎಂದು ಕೂಗಿದೆ. “ಒಂದ ಬೀಜಾ ತಿಂದಿದ್ದಕ್ಕ ಇಷ್ಟ ಸಂಕಟಾ? ನೀ ತಿಂದದ್ದ ಛಲೋ ಆತು. ಇನ್ನೂ ಹೆಚ್ಚ ತಿನ್ನಬೇಕಿತ್ತು. ಅಪ್ಪ ಬದುಕಿದ್ದರ ನಾನ ಅವ್ನ ಮುಂದ ನಿಂತ ಹೇಳತಿದ್ದೆ. ಏಳ, ಉಣ್ಣ ಮೊದಲ!”

ಬಿಸಿ ರೊಟ್ಟಿ ಬಡಿದು ಹಾಕಿದೆ, ಮೇಲೆ ಬೆಣ್ಣೆ ಹಾಕಿದೆ. ಅವ್ವ ಕಣ್ಣು ಒರೆಸಿಕೊಂಡು ಒಂದು ರೊಟ್ಟಿ ಪೂರ್ತಿ ತಿಂದಳು. ಇನ್ನರ್ಧ ಬೇಕು ಅಂದಳು. ಎಷ್ಟೋ ದಿನಕ್ಕೆ ಅವಳು ಬೇಕು ಅಂದದ್ದು ಕೇಳಿ ನನ್ನ ಜೀವ ತಣ್ಣಗಾಯಿತು. ವೈನಿಗೆ ಫೋನು ಮಾಡಿ ‘ಉಂಡಳು’ ಎಂದು ಹೇಳಿಯೂಬಿಟ್ಟೆ. ಒಳಗಿನದನ್ನು ಹೊರಗೆ ಹಾಕಿದ್ದಾಳೆ, ಇನ್ನು ಹಗುರಾಗುತ್ತಾಳೆ ಎಂದುಕೊಂಡೆ. ಊಟದ ವಿಷಯದಲ್ಲಿ ಹಾಗೇ ಆಯಿತು. ಅವತ್ತಿನಿಂದ ಅವಳು ಉಣ್ಣುತ್ತಿದ್ದಾಳೆ.

ಕೈ ತೊಳೆಯಲು ನೀರು ಹಾಕುತ್ತಿದ್ದೆ. ತಂಬಿಗೆಯ ಕೆಳಗೆ ಕೈ ಹಿಡಿದುಕೊಂಡೇ ಅವ್ವ ಅಂದಳು, “ಮಿರಜ ದವಾಖಾನಿಯಿಂದ ಬಂದ ಮ್ಯಾಲೆ ನಿಮ್ಮಪ್ಪ ಒಂದ ದಿನ ಬಿಸಲಿಗೆ ಕುಂತಿದ್ರು. ನಾ ಪೇರಲ ಕೆರಿಯಾಕತ್ತಿದ್ದೆ. ‘ಇವತ್ತೊಂದ ದಿನ ಬೀಜಾ ಸಮೇತ ಕೊಡತೀಯೇನು, ಅದರ ರುಚೀನ ಮರತೈತಿ’ ಅಂದ್ರು. ಪಥ್ಯಾ ಬಿಡಸಾವ್ರ ಇಲ್ಲ, ಬ್ಯಾಡ ಅಂದೆ. ‘ಆತ ಬಿಡ’ ಅಂತ ನಕ್ಕು ವಾಟಿ ತಿಂದ್ರು. ನಾ ಅಲ್ಲೇ ಅವ್ರ ಮುಂದ ಕುಂತ ಬೀಜಾ ತಿಂದೆ. ಅದೇ ಕಡೀ ಪೇರಲ ಅವ್ರದು.”

“ಡಾಕ್ಟರ ಹೇಳಿದ್ರಲ್ಲ ಬೇ,” ಎಂದೆ ನಾನು. “ಬೀಜಾ ತಿಂದಿದ್ದರೂ ಅಪ್ಪ ಉಳೀತಿರಲಿಲ್ಲಂತ.”

“ಅವ್ರು ಉಳ್ಯಾಕಂತ ಬೇಡಲಿಲ್ಲ,” ಅಂದಳು ಅವ್ವ. “ಜನ್ಮ ಪೂರ್ತಿ ನನಗ ಹುಕುಂ ಮಾಡಿದ್ರು, ಹುಕುಂ ಮಾಡಿದ್ದೆಲ್ಲಾ ಕೊಟ್ಟೆ. ಕೊಡತೀಯೇನು ಅಂತ ಬೇಡಿದ್ದು ಅವತ್ತ ಒಂದ ದಿನ. ಅವತ್ತ ಇಲ್ಲ ಅಂದೆ.”